ಮಖಮಲ್ಲಿನ ಧೂಳು: ಕಂತು ಒಂಬತ್ತು

"ಕಣ್ಣು ತೆಗೀಬೇಡಿ ಉಸ್ತಾಜಾ. ಹಾಗೇ ನೋಡ್ತಾ ಇರಿ."

ಡಾಕ್ಟರ್ ಫಖ್ರಿ ಸೂಕ್ಷ್ಮದರ್ಶಕದ ಪಕ್ಕದ ತಿರುಪನ್ನು ಮೆಲ್ಲಗೆ ತಿರುಗಿಸಿದರು.

ಊರಿನವರೆಲ್ಲ ಗೌರವದಿಂದ ಉಸ್ತಾಜಾ ಎಂದು ಕರೆಯುವ ವಕೀಲೆ ಇನ್ಶಿರಾ ಬಗ್ಗಿ ನೋಡುತ್ತಿದ್ದಳು. ಗಾಜಿನ ಮೇಲಿದ್ದದ್ದು ವಿದಾದ್ ಎಂಬ ಹೆಣ್ಣುಮಗಳ ಶ್ವಾಸಕೋಶದ ಒಂದು ತೆಳು ಪದರ. ಮೊದಲು ಅದು ತಿಳಿಗುಲಾಬಿ ಬಲೆಯಂತೆ ಕಂಡಿತು. ತಿರುಪು ತಿರುಗಿದಂತೆ ಬಲೆ ಕಪ್ಪಾಗುತ್ತ ಹೋಯಿತು. ಆ ಕಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ಚೂರು ಹೊಳೆಯಿತು. ಆಮೇಲೆ ಎಲ್ಲೆಲ್ಲೂ ಹೊಳೆಯಿತು. ಮದುವೆಯ ದುಪಟ್ಟಾದಿಂದ ಉದುರಿದ ಚಮಕಿಯನ್ನು ಯಾರೋ ಒದ್ದೆ ನೆಲಕ್ಕೆ ಒತ್ತಿ ಮೆತ್ತಿದ ಹಾಗಿತ್ತು.

"ನೈಲಾನ್," ಎಂದರು ಫಖ್ರಿ. "ಮನುಷ್ಯನ ಮೈಯಲ್ಲಿ ಇರೋ ಯಾವ ಪದಾರ್ಥವೂ ಈ ಥರ ಹೊಳೆಯೋದಿಲ್ಲ."

ವಿದಾದ್ ಸತ್ತದ್ದು ಚಳಿಗಾಲದ ಕೊನೆಯಲ್ಲಿ. ಗಂಡ ಬಯೂಮಿಯೇ ಗೋಧಿ ಮಾತ್ರೆ ತಿನ್ನಿಸಿ ಕೊಂದ ಎಂದು ಮಹಲ್ಲಾ ಪಟ್ಟಣದ ಪೊಲೀಸರು ಅವನನ್ನು ಒಳಗೆ ಹಾಕಿದ್ದರು. ಬರುವ ಶನಿವಾರ ತೀರ್ಪು. ಅಂದು ನ್ಯಾಯಾಧೀಶರು ಕಡತವನ್ನು ಧರ್ಮಗುರು ಮುಫ್ತಿಯವರ ಅಭಿಪ್ರಾಯಕ್ಕೆ ಕಳಿಸಿದರೆ ಅದರ ಅರ್ಥ ಒಂದೇ, ನೇಣು.

ಗೋಧಿ ಮಾತ್ರೆ ಎಂದರೆ ಧಾನ್ಯಕ್ಕೆ ಹುಳ ಬೀಳದಂತೆ ಉಗ್ರಾಣದಲ್ಲಿ ಇಡುವ ವಿಷ. ಬಯೂಮಿ ಉಗ್ರಾಣದ ಕಾವಲುಗಾರ. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಉಳಿದದ್ದನ್ನು ವಿದಾದಳ ತಂಗಿ ಕೌಸರ್ ಪೂರೈಸಿದ್ದಳು. ಭಾವ ಆ ಸಂಜೆ ಅಕ್ಕನಿಗೆ ಏನೋ ಕುಡಿಸಿದ್ದನ್ನು ಕಣ್ಣಾರೆ ಕಂಡೆ ಎಂದು ಕೋರ್ಟಿನಲ್ಲಿ ಸಾಕ್ಷಿ ಹೇಳಿ, ಕಟಕಟೆಯ ಸರಳುಗಳ ಸಂದಿಯಿಂದ ಅವನ ಮುಖಕ್ಕೆ ಉಗಿದಿದ್ದಳು.

ಬಯೂಮಿಯ ಪರ ವಾದಿಸುತ್ತಿದ್ದ ಇನ್ಶಿರಾ ಆ ದಿನದಿಂದ ಒಂದೇ ಮಾತಿಗೆ ಜೋತುಬಿದ್ದಿದ್ದಳು. ವಿದಾದಳನ್ನು ಕೊಂದದ್ದು ಗಂಡನಲ್ಲ, ಅವಳು ದುಡಿಯುತ್ತಿದ್ದ ಮಖಮಲ್ ಕಾರ್ಖಾನೆ. ಅಲ್ಲಿ ನೈಲಾನ್ ದಾರವನ್ನು ಹಿಟ್ಟಿನಂತೆ ಕತ್ತರಿಸಿ, ಅಂಟು ಬಳಿದ ಬಟ್ಟೆಯ ಮೇಲೆ ಉದುರಿಸಿ ಮಖಮಲ್ಲು ಮಾಡುತ್ತಾರೆ. ಒಡವೆ ಡಬ್ಬಿಯ ಒಳಗೆ, ಸೋಫಾದ ಮೇಲೆ, ಎಲ್ಲ ಕಡೆ ಕಾಣುವ ಅದೇ ಮಖಮಲ್ಲು. ಕತ್ತರಿಸುವ ಕೋಣೆಯಲ್ಲಿ ದುಡಿಯುವವರೆಲ್ಲ ಹೆಂಗಸರು.

ಬೆಳಿಗ್ಗೆ ಕೋರ್ಟಿನಲ್ಲಿ ಕಾರ್ಖಾನೆಯ ವೈದ್ಯ ವಹ್ದಾನ್ ಅವಳ ವಾದವನ್ನು ನಗೆಯಲ್ಲಿ ತೇಲಿಸಿಬಿಟ್ಟಿದ್ದ. ತೆಳ್ಳಗಿನ ಮನುಷ್ಯ, ತಗ್ಗಿದ ದನಿ. ವಿದಾದ್ ಕೆಲಸ ಬಿಡುವಾಗ ಆರೋಗ್ಯವಾಗಿದ್ದಳು, ಸ್ವಲ್ಪ ಉಬ್ಬಸವಿತ್ತು ಅಷ್ಟೇ ಎಂದು ಹೇಳಿ, ಇನ್ಶಿರಾಳ ಕಡೆಗೆ ತಿರುಗಿದ್ದ.

"ಇವತ್ತು ಉಪ್ಪಲ್ಲೂ ಪ್ಲಾಸ್ಟಿಕ್ ಇದೆ, ಕುಡಿಯೋ ನೀರಲ್ಲೂ ಇದೆ, ಎದೆಹಾಲಲ್ಲೂ ಇದೆ ಅಂತಾರೆ. ನಿಮ್ಮ ಎದೆ ಕೊಯ್ದು ನೋಡಿದ್ರೂ ಸಿಗುತ್ತೆ ಉಸ್ತಾಜಾ. ಹಾಗಾದ್ರೆ ನಿಮ್ಮನ್ನ ಯಾರು ಕೊಲ್ತಾ ಇದಾರೆ? ನಾನಾ?"

ಇಡೀ ಕೋರ್ಟು ನಕ್ಕಿತ್ತು. ಬಿಳಿ ಕೈದಿ ಬಟ್ಟೆಯಲ್ಲಿದ್ದ ಬಯೂಮಿ ಮಾತ್ರ ತಲೆ ಎತ್ತಿರಲಿಲ್ಲ.

ಆ ಪ್ರಶ್ನೆಯನ್ನೇ ಇನ್ಶಿರಾ ಈಗ ಫಖ್ರಿಯವರ ಮುಂದಿಟ್ಟಳು. ಆಸ್ಪತ್ರೆಯ ಈ ಕೋಣೆಯಲ್ಲಿ ಫಾರ್ಮಲಿನ್ ವಾಸನೆಯ ನಡುವೆಯೇ ಬೇಯಿಸಿದ ಅವರೆಕಾಳಿನ ಪಲ್ಯವನ್ನು ಬ್ರೆಡ್ಡಿಗೆ ಸುತ್ತಿ ತಿನ್ನುವ ಮುದುಕ ಅವರು. ಊರಿನಲ್ಲಿ ಕಾರ್ಖಾನೆಗೆ ಹೆದರದ ವೈದ್ಯರೆಂದರೆ ಅವರೊಬ್ಬರೇ, ಯಾಕೆಂದರೆ ಬರುವ ತಿಂಗಳು ನಿವೃತ್ತಿ.

ಆತ ಹೇಳಿದ್ದು ಅರ್ಧ ನಿಜ ಎಂದರು ಫಖ್ರಿ. ಪ್ಲಾಸ್ಟಿಕ್ಕಿನ ಸಣ್ಣ ಚೂರು ಎಲ್ಲರ ಮೈಯಲ್ಲೂ ಒಂದಿಷ್ಟು ಸಿಗುತ್ತದೆ. ಅದು ಮೈಗೆ ಏನು ಮಾಡುತ್ತದೆ ಎಂದು ಪೂರ್ತಿ ಬಲ್ಲವರು ಇನ್ನೂ ಯಾರೂ ಇಲ್ಲ. ಆದರೆ ಒಂದು ಚಿಟಿಕೆ ಉಪ್ಪು ಬೇರೆ, ಬಾಯಿತುಂಬ ಉಪ್ಪು ಬೇರೆ.

"ಆ ಚೂರುಗಳ ತುದಿ ನೋಡಿ," ಎಂದರು.

ಇನ್ಶಿರಾ ಮತ್ತೆ ಬಗ್ಗಿದಳು. ಪ್ರತಿ ಚೂರಿನ ಕೊನೆಯಲ್ಲೂ ಸಣ್ಣ ಬಾಲವಿತ್ತು, ಗೊದಮೊಟ್ಟೆಗೆ ಇರುವಂಥದು.

ಫಖ್ರಿ ವಿವರಿಸಿದರು: ಕತ್ತರಿಸುವ ಯಂತ್ರದ ಮೊಂಡಾದ ಅಲಗು ವೇಗವಾಗಿ ತಿರುಗಿದಾಗ ನೈಲಾನನ್ನು ಕತ್ತರಿಸುವುದಿಲ್ಲ, ಕಾಯಿಸಿ ಕೀಳುತ್ತದೆ. ಕಿತ್ತ ಜಾಗ ಕರಗಿ ಬಾಲ ಬರುತ್ತದೆ. ಜೊತೆಗೆ ಪುಡಿಯೂ ಏಳುತ್ತದೆ, ಮೂಗಿನಲ್ಲಿ ನಿಲ್ಲದೆ ನೇರ ಎದೆಯ ತಳಕ್ಕೆ ಇಳಿಯುವಷ್ಟು ಸಣ್ಣ ಪುಡಿ. ಸೋಫಾ ಮೇಲೆ ಕೂತವನಿಗೆ, ಉಪ್ಪು ತಿಂದವನಿಗೆ ಈ ಬಾಲದ ಚೂರು ಇಷ್ಟು ಸಿಗುವುದಿಲ್ಲ. ಆ ಯಂತ್ರದ ಮುಂದೆ ನಿಂತವರಿಗೆ ಮಾತ್ರ ಸಿಗುತ್ತದೆ.

ಇನ್ಶಿರಾಳ ಎದೆ ಹಗುರಾಯಿತು. ಇದನ್ನೇ ಶನಿವಾರ ಹೇಳೋಣ ಎಂದಳು.

ಫಖ್ರಿ ತಲೆ ಅಲ್ಲಾಡಿಸಿದರು. ಒಂದು ಗಾಜಿನ ತುಂಡನ್ನು ಯಾರು ನಂಬುತ್ತಾರೆ? ಪ್ರಯೋಗಾಲಯದ ಕೈಗವಸಿನ ಧೂಳು ಎಂದುಬಿಡುತ್ತಾರೆ. ಮತ್ತೊಮ್ಮೆ ಪರೀಕ್ಷೆ ಮಾಡೋಣವೆಂದರೆ ವಿದಾದಳ ಶ್ವಾಸಕೋಶದ ಉಳಿದ ಭಾಗವಿದ್ದ ಜಾಡಿ ಬೀರುವಿನಲ್ಲಿಲ್ಲ. ವಹ್ದಾನ್ ಹಳೆಯ ಗೆಳೆಯರನ್ನು ಮಾತಾಡಿಸುವ ನೆಪದಲ್ಲಿ ಆಸ್ಪತ್ರೆಗೆ ಬಂದುಹೋದ ಮರುದಿನದಿಂದ ಇಲ್ಲ. ಅವನೇ ಒಯ್ದ ಎನ್ನಲು ಯಾವ ಆಧಾರವೂ ಇಲ್ಲ.

"ಅದೇ ಕೋಣೆಯಲ್ಲಿ ದುಡಿದ ಇನ್ನೊಂದು ಎದೆ ಬೇಕು," ಎಂದರು ಅವರು. "ಇವಳದ್ದೇ ಥರದ್ದು. ಎರಡನ್ನೂ ಪಕ್ಕ ಪಕ್ಕ ಇಟ್ರೆ ಯಾವ ನ್ಯಾಯಾಧೀಶನೂ ಅಲ್ಲ ಅನ್ನೋಕಾಗಲ್ಲ."

ಆ ಇನ್ನೊಂದು ಎದೆ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಹೋದ ವಾರ ಇನ್ಶಿರಾ ಕಾಡಿಬೇಡಿ, ಈಗಲೂ ಅದೇ ಕೋಣೆಯಲ್ಲಿ ದುಡಿಯುವ ಕೌಸರಳ ಎದೆಯ ಸ್ಕ್ಯಾನ್ ಮಾಡಿಸಿದ್ದಳು. ಅದರ ಚಿತ್ರ ಈಗ ಮೇಜಿನ ಮೇಲೇ ಇತ್ತು. ಎರಡು ವರ್ಷದ ಹಿಂದೆ ಅಕ್ಕನ ಎದೆ ಹೇಗಿದ್ದಿರಬೇಕೋ ತಂಗಿಯದು ಇವತ್ತು ಹಾಗಿದೆ ಎಂದು ಫಖ್ರಿ ಆಗಲೇ ಹೇಳಿದ್ದರು. ಪಕ್ಕೆಯಲ್ಲಿ ಸಣ್ಣ ಗಾಯ ಮಾಡಿ ಬಟಾಣಿಯಷ್ಟು ತುಣುಕು ತೆಗೆಯಬೇಕು. ಗುರುವಾರ ಮಾಡಿಕೊಡಲು ಒಬ್ಬ ಶಸ್ತ್ರವೈದ್ಯ ಒಪ್ಪಿದ್ದಾನೆ. ಇಂಥ ಎದೆಗೆ ಅದೂ ಅಪಾಯವೇ.

ಇನ್ಶಿರಾ ಏಳುವಾಗ ಫಖ್ರಿ ಅವಳ ಮುಖ ನೋಡದೆ ಇನ್ನೊಂದು ಮಾತು ಹೇಳಿದರು.

"ವಿಷ ಸಿಕ್ತು ಅನ್ನೋ ಹೊಟ್ಟೆಯ ಪರೀಕ್ಷೆ ಸುಳ್ಳು, ಕಾರ್ಖಾನೆಯವರು ಬರೆಸಿದ್ದು ಅಂತ ನೀವು ಅಂದ್ಕೊಂಡಿದೀರಿ. ನಾನೂ ಅಂದ್ಕೊಂಡಿದ್ದೆ. ಹೊಟ್ಟೆಯದು ಬೇರೆ ಜಾಡಿಯಲ್ಲಿ ಉಳಿದಿತ್ತು, ನಿನ್ನೆ ನಾನೇ ಮತ್ತೆ ಮಾಡಿದೆ. ಸುಳ್ಳಲ್ಲ. ಅವಳ ಹೊಟ್ಟೆಯಲ್ಲಿ ಗೋಧಿ ಮಾತ್ರೆ ಇತ್ತು."

ಇನ್ಶಿರಾ ಬಾಗಿಲಿನಿಂದ ಮೇಜಿನ ಬಳಿಗೆ ಹಿಂತಿರುಗಿದಳು.

"ಈ ಎದೆ ಇಟ್ಕೊಂಡು ಅವಳಿಗೆ ಎಷ್ಟು ನಡೆಯೋಕಾಗ್ತಿತ್ತು?" ಎಂದು ಕೇಳಿದಳು.

"ನಡೆಯೋದಾ? ಹಾಸಿಗೆಯಿಂದ ಬಚ್ಚಲಿಗೆ ಹೋಗೋಕೂ ಯಾರಾದ್ರೂ ಹಿಡ್ಕೋಬೇಕು."

ವಿದಾದ್ ಇದ್ದದ್ದು ಐದನೆಯ ಮಹಡಿಯ ಮೇಲಿನ ತಾರಸಿ ಕೋಣೆಯಲ್ಲಿ. ಅಂದರೆ ಅವಳು ಮಾತ್ರೆಯ ಹತ್ತಿರ ಹೋಗಲಿಲ್ಲ. ಮಾತ್ರೆಯೇ ಮೆಟ್ಟಿಲು ಹತ್ತಿ ಅವಳ ಹತ್ತಿರ ಬಂದಿತ್ತು. ತಂದವರು ಯಾರು?

ಟುಕ್‌ಟುಕ್‌ನಲ್ಲಿ ಕಾಲುವೆ ದಂಡೆಗುಂಟ, ಈಗ ಕೌಸರ್ ಇರುವ ಅದೇ ತಾರಸಿ ಕೋಣೆಗೆ ಹೋಗುವಾಗ ಇನ್ಶಿರಾ ಬಯೂಮಿಯ ಮುಖವನ್ನು ನೆನಪಿಗೆ ತಂದುಕೊಂಡಳು. ಜೈಲಿನಲ್ಲಿ ನೋಡಲು ಹೋದಾಗಲೆಲ್ಲ ಅವನು ಕೇಳುತ್ತಿದ್ದದ್ದು ಮಗಳು ಗಮೀಲಾಳ ಬಗ್ಗೆ. ಊಟ ಮಾಡುತ್ತಾಳಾ, ಶಾಲೆಗೆ ಹೋಗುತ್ತಾಳಾ, ಚಿಕ್ಕಮ್ಮನ ಜೊತೆ ಹೊಂದಿಕೊಂಡಿದ್ದಾಳಾ. ತಾನು ಕೊಲ್ಲಲಿಲ್ಲ ಎಂದು ಅವನು ಒಂದು ಸಲವೂ ಆಣೆ ಇಟ್ಟು ಹೇಳಿರಲಿಲ್ಲ. ಅದು ಇಷ್ಟು ದಿನ ಅವಳಿಗೆ ಹೊಳೆದೇ ಇರಲಿಲ್ಲ.

ಮೆಟ್ಟಿಲು ಹತ್ತಿ ತಾರಸಿಗೆ ಬರುವಷ್ಟರಲ್ಲಿ ಅವಳಿಗೂ ಏದುಸಿರು ಬಂದಿತ್ತು. ಪಾರಿವಾಳದ ಗೂಡಿನ ನೆರಳಲ್ಲಿ ಕೌಸರ್ ಚಾಪೆ ಹಾಸಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಬೆಳಗಿನ ಪಾಳಿ ಮುಗಿಸಿ ಬಂದು ಇನ್ನೂ ಮುಖ ತೊಳೆದಿರಲಿಲ್ಲ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಸಣ್ಣ ಕೂದಲು ಎಲ್ಲವೂ ನೀಲಿ. ಇವತ್ತು ಒಡವೆ ಡಬ್ಬಿಯ ನೀಲಿ ಕತ್ತರಿಸಿದ್ದರು ಎಂದು ಕಾಣುತ್ತದೆ.

"ಓ, ಕೊಲೆಗಾರನ ವಕೀಲರು ಬಂದ್ರು," ಎಂದಳು. "ಕೂತ್ಕೊಳ್ಳಿ. ಚಹಾ ಕೊಡ್ತೀನಿ. ಹೆದರಬೇಡಿ, ವಿಷ ಹಾಕೋದಿಲ್ಲ. ಅದು ನಿಮ್ಮ ಕಕ್ಷಿದಾರನ ಕಸುಬು."

ಮೂಲೆಯಲ್ಲಿ ಗಮೀಲಾ ಹಳೆಯ ಟೈರಿನ ಮೇಲೆ ಕೂತು ಪಾರಿವಾಳಗಳಿಗೆ ಜೋಳ ಹಾಕುತ್ತಿದ್ದಳು. ಕೌಸರ್ ಅವಳನ್ನು ಒಳಗೆ ಕಳಿಸಿದಳು. ಅಷ್ಟು ಮಾತಾಡಿದ್ದಕ್ಕೇ ಕೆಮ್ಮು ಬಂತು. ಕಫವಿಲ್ಲದ ಒಣ ಕೆಮ್ಮು. ನಿಲ್ಲುವವರೆಗೆ ಅವಳು ನೆಲಕ್ಕೆ ಅಂಗೈ ಊರಿ ಕೂತಿದ್ದಳು.

ಇನ್ಶಿರಾ ಸುತ್ತುಬಳಸಿ ಮಾತಾಡಲಿಲ್ಲ. ಸ್ಕ್ಯಾನಿನ ಚಿತ್ರವನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ಕಪ್ಪಾಗಿ ಕಾಣಬೇಕಾದ ಕಡೆ ಬೆಳ್ಳಗೆ ಮಂಜು ಕವಿದ ಹಾಗಿದೆಯಲ್ಲ, ಅದು ಉಬ್ಬಸವಲ್ಲ ಎಂದಳು. ವಿದಾದಳಿಗೆ ಇದ್ದದ್ದೇ ಇವಳಿಗೂ ಇದೆ. ಅದು ಮೊದಲು ಎದೆಯನ್ನು ಗಟ್ಟಿ ಮಾಡುತ್ತದೆ, ಆಮೇಲೆ ಉಸಿರಿಗೆ ಜಾಗವೇ ಬಿಡುವುದಿಲ್ಲ.

ಕೌಸರ್ ಚಿತ್ರ ನೋಡಲಿಲ್ಲ. ಇನ್ಶಿರಾಳ ಮುಖ ನೋಡುತ್ತಿದ್ದಳು.

"ವಹ್ದಾನ್ ಡಾಕ್ಟ್ರು ಸಿಗರೇಟ್ ಹೊಗೆ ಅಂದ್ರು."

"ನೀನು ಸಿಗರೇಟ್ ಸೇದ್ತೀಯಾ ಮಗಳೇ?"

"ಇಲ್ಲ. ಗಂಡಸರು ಪಕ್ಕದಲ್ಲಿ ಸೇದಿದ್ರೂ ಬರುತ್ತೆ ಅಂದ್ರು." ಸೊಪ್ಪಿನ ದಂಟು ಮುರಿಯುತ್ತ ಕೇಳಿದಳು, "ನನಗೆ ಎಷ್ಟು ದಿನ ಇದೆ?"

ಫಖ್ರಿ ಹೇಳಿದ್ದನ್ನೇ ಇನ್ಶಿರಾ ಹೇಳಿದಳು. ಇವತ್ತೇ ಆ ಕೋಣೆ ಬಿಟ್ಟರೆ ಇನ್ನೂ ಬಹಳ ವರ್ಷ ಇರಬಹುದು, ಇಲ್ಲದೆಯೂ ಹೋಗಬಹುದು. ಲೆಕ್ಕ ಹೇಳಬಲ್ಲವರು ಯಾರೂ ಇಲ್ಲ. ಆ ಕೋಣೆಯಿಂದ ಹೊರಬಂದು ಸತ್ತವರನ್ನು ಇದುವರೆಗೆ ಯಾರೂ ಪರೀಕ್ಷೆ ಮಾಡಿಯೇ ಇಲ್ಲ.

ಕೌಸರ್ ಮಡಿಲಲ್ಲಿದ್ದ ಸೊಪ್ಪನ್ನು ತಟ್ಟೆಗೆ ಸುರಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಇನ್ಶಿರಾ ಅಳುವನ್ನು ನಿರೀಕ್ಷಿಸಿದ್ದಳು, ಬೈಗುಳವನ್ನೂ ನಿರೀಕ್ಷಿಸಿದ್ದಳು. ಕೌಸರ್ ಕೇಳಿದ್ದು ಬೇರೆಯೇ.

"ಹಾಗಾದ್ರೆ ಬಯೂಮಿ ಯಾತಕ್ಕೆ ಸಾಯ್ತಾ ಇದಾನೆ?"

ಇನ್ಶಿರಾಳಿಗೆ ಅರ್ಥವಾಗಲಿಲ್ಲ.

"ನಾನು ಬದುಕಿರ್ತೀನಿ, ಗಮೀಲಾಳನ್ನ ನೋಡ್ಕೋತೀನಿ ಅಂತಲೇ ಅವನು ಅಲ್ಲಿ ಕೂತಿರೋದು. ನಾನೂ ಹೋಗೋದಾದ್ರೆ ಅವನು ಯಾತಕ್ಕೆ ನೇಣಿಗೆ ಹೋಗ್ಬೇಕು?"

ಕೌಸರ್ ಹೇಳತೊಡಗಿದಳು. ಕೆಮ್ಮು ಬಂದಾಗ ಬಿಟ್ಟರೆ ಎಲ್ಲೂ ತಡವರಿಸಲಿಲ್ಲ.

ವಿದಾದಳಿಗೆ ಮಲಗಲು ಆಗುತ್ತಿರಲಿಲ್ಲವಂತೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ, ಮಡಿಲಲ್ಲಿ ದಿಂಬಿಟ್ಟುಕೊಂಡು, ಅದರ ಮೇಲೆ ಹಣೆ ಊರಿ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ತುಟಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ ಕಾರ್ಖಾನೆಯ ಡಾಕ್ಟರ ಚೀಟಿ ನೋಡಿ ಉಬ್ಬಸದ ಔಷಧ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಅವಳು ಮೊದಲು ಕೇಳಿದ್ದು ಗಂಡನನ್ನು. ನಿನ್ನ ಉಗ್ರಾಣದಲ್ಲಿ ಇದೆಯಲ್ಲ, ಒಂದು ತಂದುಕೊಡು ಎಂದು. ಬಯೂಮಿ ಅವಳ ಕಾಲು ಹಿಡಿದುಕೊಂಡು ಅತ್ತ. ಎದ್ದು ಮಸೀದಿಗೆ ಹೋದ. ಇಡೀ ದಿನ ಅಲ್ಲೇ ಕೂತಿದ್ದ.

"ಅವನ ಕೈಲಿ ಆಗಲಿಲ್ಲ," ಎಂದಳು ಕೌಸರ್. "ಮರುದಿನ ಮಧ್ಯಾಹ್ನ ಉಗ್ರಾಣಕ್ಕೆ ಅವನಿಗೆ ಬುತ್ತಿ ಕೊಡೋಕೆ ಹೋದಾಗ ನಾನೇ ಒಂದು ಮಾತ್ರೆ ತಗೊಂಡು ಬಂದೆ."

ಕೌಸರ್ ತನ್ನ ಒಂದು ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದು ತೋರಿಸಿದಳು.

"ಮಾತ್ರೆ ಕೊಡೋವಾಗ ಅಕ್ಕ ನನ್ನ ಮಣಿಕಟ್ಟು ಬಿಡಲೇ ಇಲ್ಲ ಉಸ್ತಾಜಾ. ಬೇಡ ಅನ್ನೋಕೆ ಹಿಡ್ಕೊಂಡ್ಲೋ, ಹೆದರಿ ಹಿಡ್ಕೊಂಡ್ಲೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೈ ಬಿಡಿಸ್ಕೊಳ್ಳಲಿಲ್ಲ."

ಸಂಜೆ ಬಂದ ಬಯೂಮಿಗೆ ನೋಡಿದೊಡನೆ ತಿಳಿಯಿತು. ಅವನು ಕೂಗಾಡಲಿಲ್ಲ, ಹೊಡೆಯಲಿಲ್ಲ. ಪೊಲೀಸರು ಬರುವ ಮುಂಚೆ ಕೌಸರಳನ್ನು ಕೂರಿಸಿಕೊಂಡು ಏನು ಹೇಳಬೇಕೆಂದು ಕಲಿಸಿಕೊಟ್ಟ. ಹೆಣ್ಣುಮಗು ತಾಯಿಯಿಲ್ಲದೆ ಬೆಳೆಯಬಾರದು, ತಂದೆಯಿಲ್ಲದೆ ಹೇಗೋ ಬೆಳೆಯುತ್ತದೆ ಎಂದ. ಈಗ ತಾಯಿ ಎಂದರೆ ಅವಳಿಗೆ ನೀನೇ ಎಂದ.

"ಕೋರ್ಟಲ್ಲಿ ಅವನ ಮುಖಕ್ಕೆ ಉಗಿದೆನಲ್ಲ, ಅದನ್ನೂ ಅವನೇ ಹೇಳಿಕೊಟ್ಟಿದ್ದು. ಉಗಿದ್ರೆ ನಂಬ್ತಾರೆ ಅಂದ."

ಇನ್ಶಿರಾಳ ಕಣ್ಣಿಗೆ ಬಿಸಿಲು ಚುಚ್ಚಿತು. ತನ್ನ ಕಕ್ಷಿದಾರ ಇಷ್ಟು ತಿಂಗಳು ತನ್ನೆದುರು ಕೂತು, ತಾನು ಅವನನ್ನು ಉಳಿಸಲು ಒದ್ದಾಡುವುದನ್ನು ಸುಮ್ಮನೆ ನೋಡುತ್ತಿದ್ದ. ತಾನು ಗೆಲ್ಲದಿರಲಿ ಎಂದು ಬೇಡಿಕೊಳ್ಳುತ್ತಲೂ ಇದ್ದನೇನೋ.

ಅವಳ ತಲೆ ವಕೀಲೆಯ ತಲೆಯಂತೆಯೇ ಓಡಿತು. ಕೌಸರ್ ಈ ಮಾತನ್ನು ನ್ಯಾಯಾಧೀಶರ ಮುಂದೆ ಹೇಳಿದರೆ ಬಯೂಮಿ ಉಳಿಯುತ್ತಾನೆ. ಅದೇ ಗಳಿಗೆಗೆ ಕಾರ್ಖಾನೆಯೂ ಉಳಿಯುತ್ತದೆ. ಅಕ್ಕನಿಗೆ ತಂಗಿಯೇ ವಿಷ ಕೊಟ್ಟಳಂತೆ ಎಂದು ಊರು ಮಾತಾಡುತ್ತದೆ. ಬಾಲವಿರುವ ನೈಲಾನ್ ಚೂರಿನ ಮಾತು ಯಾರಿಗೂ ಬೇಡ. ಕತ್ತರಿಸುವ ಕೋಣೆಯ ಯಂತ್ರಗಳು ಭಾನುವಾರ ಬೆಳಿಗ್ಗೆ ಎಂದಿನಂತೆ ತಿರುಗುತ್ತವೆ, ಅದರ ಮುಂದೆ ಅದೇ ಹೆಂಗಸರು ನಿಂತಿರುತ್ತಾರೆ. ಕೌಸರ್ ಜೈಲಿಗೆ ಹೋದರೆ ಅವಳ ಎದೆಯ ತುಣುಕೂ ಸಿಗುವುದಿಲ್ಲ.

ಸುಮ್ಮನಿದ್ದರೆ ಬಯೂಮಿ ನೇಣಿಗೆ ಹೋಗುತ್ತಾನೆ.

"ಮೊದಲು ಗುರುವಾರದ ಆಪರೇಷನ್ ಮುಗೀಲಿ," ಎಂದಳು ಇನ್ಶಿರಾ. ದನಿ ತನ್ನದೇ ಅಲ್ಲವೆನಿಸಿತು. "ಆ ತುಣುಕು ಸಿಕ್ಕಿದ್ರೆ, ನಿನ್ನ ಅಕ್ಕ ಯಾಕೆ ಸಾವು ಬೇಡಿದ್ಲು ಅಂತ ಜಗತ್ತಿಗೇ ತೋರಿಸಬಹುದು. ಆಮೇಲೆ ನೀನು ಹೇಳೋದನ್ನ ಯಾವ ನ್ಯಾಯಾಧೀಶನೂ ಬರೀ ಕೊಲೆ ಅಂತ ನೋಡೋದಿಲ್ಲ. ಅಲ್ಲೀವರೆಗೆ ಯಾರ ಹತ್ರಾನೂ ಬಾಯಿ ಬಿಡಬೇಡ. ಕೇಳ್ತಾ ಇದೀಯಾ?"

"ಎದೆ ಬಗೆದು ನೋಡ್ಕೊಳ್ಳಿ," ಎಂದಳು ಕೌಸರ್. "ಏನು ಬೇಕೋ ತಗೊಳ್ಳಿ. ಆದ್ರೆ ಅವನು ಸಾಯಬಾರದು."

ಅವಳು ಗೋಡೆ ಹಿಡಿದು ಎದ್ದಳು. ಮಾತಿನ ಗದ್ದಲದಲ್ಲಿ ಚಹಾ ಕೊಡುವುದೇ ಮರೆತೆ, ಸಕ್ಕರೆ ಮುಗಿದಿದೆ, ಕೆಳಗಿನ ಅಂಗಡಿಯಿಂದ ತರುತ್ತೇನೆ ಎಂದಳು. ತಾನು ಹೋಗುತ್ತೇನೆ ಎಂದರೂ ಇನ್ಶಿರಾಳನ್ನು ಬಿಡಲಿಲ್ಲ. ಒಳಗೆ ಹೋಗಿ ಗಮೀಲಾಳ ಜಡೆ ಸರಿಮಾಡಿದಳು. ಹೊರಗೆ ಬಂದು, ಇವಳನ್ನು ಒಂದು ಗಳಿಗೆ ನೋಡ್ಕೊಳ್ಳಿ ಎಂದಳು. ಮೆಟ್ಟಿಲ ಕತ್ತಲಲ್ಲಿ ಅವಳ ಕೆಮ್ಮು ಒಂದೊಂದೇ ಮಹಡಿ ಇಳಿಯುತ್ತ ಹೋಯಿತು.

ಇನ್ಶಿರಾ ಚಾಪೆಯ ಮೇಲೆ ಕೂತು ಫಖ್ರಿಯವರಿಗೆ ಫೋನು ಮಾಡಿದಳು. ಒಪ್ಪಿದಳು, ಗುರುವಾರಕ್ಕೆ ಸಿದ್ಧವಾಗಿರಿ ಎಂದಷ್ಟೇ ಹೇಳಿದಳು. ಗಮೀಲಾ ಬಂದು ಅವಳ ಪಕ್ಕದಲ್ಲಿ ಕೂತು, ಯಾವ ಪಾರಿವಾಳದ ಹೆಸರು ಏನೆಂದು ಹೇಳುತ್ತಿದ್ದಳು. ಹೆಸರುಗಳೆಲ್ಲ ಮುಗಿದವು. ತಟ್ಟೆಯಲ್ಲಿದ್ದ ಸೊಪ್ಪು ಬಿಸಿಲಿಗೆ ಬಾಡತೊಡಗಿತು.

ಕೌಸರ್ ಮೇಲೆ ಬರಲಿಲ್ಲ.

ಎಲ್ಲಾದರೂ ಮೆಟ್ಟಿಲ ಮೇಲೆ ಉಸಿರು ಕಟ್ಟಿ ಬಿದ್ದಳೋ ಎಂದು ಇನ್ಶಿರಾ ಮಗುವಿನ ಕೈ ಹಿಡಿದು ಓಡಿದಳು. ಐದು ಮಹಡಿಯಲ್ಲೂ ಯಾರೂ ಇರಲಿಲ್ಲ. ಠಾಣೆಗೆ ಹೋದಳೇ? ಅಷ್ಟು ದೂರ ಅವಳಿಂದ ನಡೆಯಲಾಗದು. ಮೂಲೆಯ ಅಂಗಡಿಯಲ್ಲಿ ಸಕ್ಕರೆಗೆಂದು ಯಾರೂ ಬಂದಿರಲಿಲ್ಲ.

ಎದುರಿನ ಚಹಾದಂಗಡಿಯ ಗಾಬೆರ್ ಬೆಂಚಿನ ಮೇಲಿನ ಲೋಟಗಳನ್ನು ಎತ್ತುತ್ತಿದ್ದ. ಕೌಸರಳನ್ನು ನೋಡಿದೆಯಾ ಎಂದು ಇನ್ಶಿರಾ ಕೇಳಿದಳು.

"ನೋಡದೆ ಏನು? ಡಾಕ್ಟರ್ ವಹ್ದಾನ್ ಕಾರಲ್ಲಿ ಹೋದ್ಲಲ್ಲ, ಈಗ ತಾನೇ."

ಇನ್ಶಿರಾಳ ಕೈಯೊಳಗೆ ಮಗುವಿನ ಬೆರಳು ನೊಂದಿರಬೇಕು, ಅದು ಕೈ ಎಳೆದುಕೊಂಡಿತು.

"ಬಲವಂತವಾಗಿ ಕರ್ಕೊಂಡು ಹೋದ್ರಾ?"

"ಬಲವಂತ ಎಲ್ಲಿ ಬಂತು ಉಸ್ತಾಜಾ. ಕಾರು ಬಹಳ ಹೊತ್ತಿಂದ ಆ ಬೇವಿನ ಮರದ ಕೆಳಗೆ ನಿಂತಿತ್ತು. ಅವಳು ಬಂದ್ಲು, ತಾನೇ ಬಾಗಿಲು ತೆಗೆದು ಕೂತ್ಲು."

"ಅವನಿಗೆ ಇಲ್ಲಿಗೆ ಬಾ ಅಂತ ಯಾರು ಹೇಳಿದ್ದು?"

ಗಾಬೆರ್ ಲೋಟಗಳನ್ನು ಕೆಳಗಿಟ್ಟ. ಹೇಳಬೇಕೋ ಬೇಡವೋ ಎಂದು ಮಗುವಿನ ಕಡೆ ಒಮ್ಮೆ ನೋಡಿದ.

"ಅವಳೇ. ಬೆಳಿಗ್ಗೆ ಪಾಳಿಗೆ ಹೋಗೋವಾಗ ನನ್ನ ಫೋನ್ ಇಸ್ಕೊಂಡು ಮಾತಾಡಿದ್ಲು. ನಾನು ಕದ್ದು ಕೇಳಲಿಲ್ಲ, ಪಕ್ಕದಲ್ಲೇ ಇದ್ದೆ, ಕಿವಿಗೆ ಬಿತ್ತು. 'ವಕೀಲರು ಇವತ್ತು ಬಂದೇ ಬರ್ತಾರೆ ಡಾಕ್ಟ್ರೇ, ನೀವು ಹೇಳಿಕೊಟ್ಟ ಹಾಗೇ ಒಂದಕ್ಷರ ಬಿಡದೆ ಹೇಳ್ತೀನಿ' ಅಂದ್ಲು."